ಜಿಪ್ಪಜ್ಜಿಗೆ ನಾನು ಕೊಟ್ಟ ಹನ್ನೊಂದು ಅಂಕ

ಜಿಪ್ಪಜ್ಜಿಯ ನಿಜವಾದ ಹೆಸರು ನನ್ನ ರಿಜಿಸ್ಟರಿನಲ್ಲಿದೆ. ಆದರೆ ಆ ಹೆಸರು ಹಿಡಿದು ಅವರನ್ನು ಕರೆದ ಒಬ್ಬರನ್ನೂ ನಾನು ಕಂಡಿಲ್ಲ. ಬಸ್ ನಿಲ್ದಾಣದ ಎದುರಿನ ಮಳಿಗೆ ಕಟ್ಟಡದಲ್ಲಿ, ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆಗೆ ಬಡಿಯುವಂಥ ಮೂಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಕೂತು ಜಿಪ್ ರಿಪೇರಿ ಮಾಡಿದವರು ಅವರು. ಶಾಲೆಯ ಬ್ಯಾಗು, ಸೂಟ್‌ಕೇಸು, ಜಾಕೆಟ್ಟು, ಪ್ಯಾಂಟು, ಏನೇ ಬಾಯಿ ಬಿಟ್ಟುಕೊಂಡು ಬಂದರೂ ಮುಚ್ಚಿಸಿ ಕಳಿಸುತ್ತಿದ್ದರು. “ಮನುಷ್ಯರ ಬಾಯಿ ಒಂದು ಮುಚ್ಚಿಸೋಕಾಗಲ್ಲ, ಮಿಕ್ಕಿದ್ದೆಲ್ಲ ತನ್ನಿ” ಎನ್ನುವುದೇ ಅವರ ಜಾಹೀರಾತು.

ಸಾಮಾನು ಬಿಟ್ಟುಹೋಗುವ ಗಿರಾಕಿಗೆ ಬೇರೆ ಅಂಗಡಿಯವರು ಚೀಟಿ ಬರೆದುಕೊಡುತ್ತಾರೆ. ಅಜ್ಜಿ ಹಾಗಲ್ಲ. ಚಿಂದಿ ಬಟ್ಟೆಯೊಂದನ್ನು ಅಡ್ಡಾದಿಡ್ಡಿ ಕತ್ತರಿಸಿ, ಒಂದು ತುಂಡನ್ನು ಬ್ಯಾಗಿಗೆ ಪಿನ್ನು ಹಾಕಿ, ಇನ್ನೊಂದನ್ನು ಗಿರಾಕಿಯ ಕೈಗೆ ಕೊಡುತ್ತಿದ್ದರು. ವಾಪಸು ಬಂದಾಗ ಎರಡರ ಅಂಚೂ ಕೂಡಬೇಕು. ಅದನ್ನು ನಾವೆಲ್ಲ ಅಜ್ಜಿಯ ಶೋಕಿ ಎಂದುಕೊಂಡಿದ್ದೆವು. ನನ್ನ ಕೈಯಲ್ಲೂ ಅಂಥ ತುಂಡುಗಳು ಎಷ್ಟೋ ಸಲ ಇದ್ದವು. ಜನರನ್ನು ನೋಡಿಯೇ ಅರ್ಧ ವಿಷಯ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ ನನಗೆ, ಆ ತುಂಡು ಏನು ಹೇಳುತ್ತಿದೆ ಎಂದು ಒಮ್ಮೆಯೂ ಹೊಳೆಯಲಿಲ್ಲ.

ನಾನು ಆ ಬಡಾವಣೆಯ ಆರೋಗ್ಯ ಕೇಂದ್ರದ ನರ್ಸ್. ಬಿಳಿ ಹಾಸಿಗೆಗಳ ನಡುವೆ ಓಡಾಡುವವಳಲ್ಲ, ಮನೆಮನೆ ತಿರುಗುವವಳು. ಹತ್ತೊಂಬತ್ತು ವರ್ಷ ತಿರುಗಿದ್ದೇನೆ. ದಿನಕ್ಕೆ ಹದಿನಾಲ್ಕು ಮನೆ, ಅದರಲ್ಲಿ ಅರ್ಧಕ್ಕರ್ಧ ಲಿಫ್ಟಿಲ್ಲದ ಮೂರನೇ ಮಹಡಿಗಳು. ಮಲಗಿದವರ ಬೆನ್ನು ನೋಡು, ಹಿಮ್ಮಡಿ ನೋಡು, ಬಿಪಿ ನೋಡು, ಮಾತ್ರೆ ಎಣಿಸು, ಫಾರಂ ತುಂಬು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಫಾರಂ ವಿಷಯದಲ್ಲಿ ಯಾರೂ ನನ್ನ ಕಡೆ ಬೆರಳು ತೋರಿಸುವಂತಿರಲಿಲ್ಲ. ಒಂದು ಚಿತ್ತಿಲ್ಲ, ಒಂದು ಖಾಲಿ ಜಾಗವಿಲ್ಲ. ಮೇಲ್ವಿಚಾರಕಿ ನನ್ನ ಫಾರಂಗಳನ್ನು ಎತ್ತಿ ಹಿಡಿದು ಉಳಿದವರಿಗೆ ತೋರಿಸುತ್ತಿದ್ದರು. ಆಗ ನಾನು ನೆಲ ನೋಡುತ್ತ ನಿಲ್ಲುತ್ತಿದ್ದೆ, ಒಳಗೊಳಗೇ ಹಿಗ್ಗುತ್ತ.

ಅರವತ್ತೈದು ದಾಟಿದವರಿಗೆಲ್ಲ ನೆನಪಿನ ಪರೀಕ್ಷೆ ಮಾಡಬೇಕೆಂದು ಆ ವರ್ಷ ಮೇಲಿನಿಂದ ಆದೇಶ ಬಂತು. ಒಟ್ಟು ಮೂವತ್ತು ಅಂಕ. ಇವತ್ತು ಯಾವ ವಾರ ಎಂದು ಕೇಳುವುದು, ಮೂರು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿಸುವುದು, ಗಡಿಯಾರದ ಚಿತ್ರ ಬರೆಸುವುದು, ಕಾಗದದಲ್ಲಿರುವುದನ್ನು ಓದಿ ಅದರಂತೆ ಮಾಡಿಸುವುದು, ಒಂದು ವಾಕ್ಯ ಬರೆಸುವುದು. ಹದಿನೆಂಟಕ್ಕಿಂತ ಕಡಿಮೆ ಬಂದರೆ ಮರೆವಿನ ಕಾಯಿಲೆಯ ಅನುಮಾನ. ಫಾರಂನ ಮೇಲ್ತುದಿಯಲ್ಲಿ ಒಂದು ಸಣ್ಣ ಚೌಕವಿತ್ತು: ಓದು ಬರಹ ಬರುತ್ತದೆಯೇ? ಬಾರದವರಿಗೆ ಕಾಗದ, ಪೆನ್ನು ಬೇಡದ ಬೇರೆಯೇ ಪರೀಕ್ಷೆ ಇದೆ. ಆ ಪ್ರಶ್ನೆಯನ್ನು ಮನೆಯವರನ್ನು ಆಚೆ ಕಳಿಸಿ, ಅವರೊಬ್ಬರನ್ನೇ ಕೂರಿಸಿಕೊಂಡು, ಮೆಲ್ಲಗೆ ಕೇಳಬೇಕು. ಹೊಸ ನರ್ಸ್‌ಗಳಿಗೆ ಇದನ್ನು ಹೇಳಿಕೊಡುತ್ತಿದ್ದವಳು ನಾನೇ.

ಅಜ್ಜಿಗೆ ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ, ಆರು ವರ್ಷದಿಂದ, ಅಣ್ಣನ ಮಗನ ಮನೆಯಲ್ಲಿದ್ದರು. ಅವನು ಬ್ಯಾಂಕಿನಲ್ಲಿ ಗುಮಾಸ್ತ, ಹೆಂಡತಿ ಶಾಲೆಯಲ್ಲಿ ಟೀಚರ್. ಇಬ್ಬರೂ ಒಳ್ಳೆಯವರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದಕ್ಕೆ ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ನಾನು ಹೋದ ಮಧ್ಯಾಹ್ನ ಟೀಚರ್ ಮನೆಯಲ್ಲೇ ಇದ್ದರು. ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟು, ಕೈಯಲ್ಲಿ ಕೆಂಪು ಪೆನ್ನು, ಹಿಂದೆ ಗೋಡೆ ತುಂಬ ಪುಸ್ತಕ. ಅಜ್ಜಿಯ ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ.

“ನಮ್ಮತ್ತೆಗೆ ಬೆಳಿಗ್ಗೆ ಪೇಪರ್ ಓದದೆ ಚಹಾ ಗಂಟಲಲ್ಲಿ ಇಳಿಯಲ್ಲ ಸಿಸ್ಟರ್,” ಎಂದರು ಟೀಚರ್ ಹೆಮ್ಮೆಯಿಂದ.

ಇನ್ನೂ ಒಂಬತ್ತು ಮನೆ ಬಾಕಿ ಇತ್ತು. ಚೌಕದಲ್ಲಿ ‘ಹೌದು’ ಎಂದು ಗುರುತು ಹಾಕಿದೆ. ಟೀಚರನ್ನು ಆಚೆ ಹೋಗಿ ಎನ್ನಲಿಲ್ಲ. ಅವರದೇ ಮನೆ, ಅವರದೇ ಮೇಜು, ಹೇಗೆ ಹೇಳುವುದು?

ಮೊದಲು ಅಜ್ಜಿ ಗೆಲುವಾಗಿಯೇ ಇದ್ದರು. ವಾರ ಕೇಳಿದಾಗ, “ನಿನಗೂ ಮರ್ತುಹೋಯ್ತಾ ಸಿಸ್ಟರಮ್ಮ?” ಎಂದು ನಕ್ಕು ಸರಿಯಾಗಿ ಹೇಳಿದರು. ನಾನು ಕಾಗದ ತೆಗೆದೆ. ಅವರ ಮುಖ ಬಾಗಿಲು ಹಾಕಿಕೊಂಡಿತು. ಓದಿ ಎಂದರೆ, “ಕನ್ನಡಕ ಮರ್ತಿದೀನಿ.” ಕೊರಳಲ್ಲೇ ಇದೆಯಲ್ಲ ಎಂದರೆ, “ಇದಲ್ಲ, ಬೇರೆದು.” ಗಡಿಯಾರ ಬರೆಯಿರಿ ಎಂದರೆ, “ಕೈ ನಡುಗುತ್ತೆ.” ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುವ ಕೈ ಅದು! ಆಮೇಲೆ ಏನು ಕೇಳಿದರೂ ಒಂದೇ ಉತ್ತರ: “ಮರ್ತುಹೋಯ್ತು.” ಮೂರು ಪದ? ಮರ್ತುಹೋಯ್ತು. ಮನೆಯ ನಂಬರು? ಮರ್ತುಹೋಯ್ತು. ಟೀಚರ್ ಕೆಂಪು ಪೆನ್ನು ಕೆಳಗಿಟ್ಟು ಅತ್ತೆಯನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಅಜ್ಜಿ ಮಾತ್ರ ಕಿಟಕಿ ಕಡೆ ತಿರುಗಿ ಕೂತಿದ್ದರು.

ಮೂವತ್ತಕ್ಕೆ ಹನ್ನೊಂದು ಬಂತು. ಷರಾ ಜಾಗದಲ್ಲಿ ನಾನು ಬರೆದದ್ದು: ‘ಸಂಬಂಧವಿಲ್ಲದ ನೆಪ ಹೇಳುತ್ತಾರೆ. ಕನ್ನಡಕ ಕೊರಳಲ್ಲಿರುವುದರ ಪರಿವೆ ಇಲ್ಲ.’ ಎಷ್ಟು ಮುದ್ದಾದ ಅಕ್ಷರ ಅಂತೀರಿ!

ದೊಡ್ಡಾಸ್ಪತ್ರೆಯ ತಜ್ಞರ ಸರದಿ ನಾಲ್ಕು ತಿಂಗಳಾಚೆಗಿತ್ತು. ಅಲ್ಲಿಯವರೆಗೆ ಏನು ಮಾಡಬೇಕೆಂದು ನಮ್ಮಲ್ಲಿ ಒಂದು ಸೂಚನಾ ಹಾಳೆ ಇದೆ. ಒಬ್ಬರನ್ನೇ ಹೊರಗೆ ಬಿಡಬೇಡಿ, ಒಲೆ ಮುಟ್ಟಲು ಬಿಡಬೇಡಿ, ಚೂಪಾದ ವಸ್ತುಗಳನ್ನು ಎತ್ತಿಡಿ. ಮುಖ್ಯವಾದ ಸಾಲುಗಳ ಕೆಳಗೆ ಗೆರೆ ಎಳೆದು ಅಣ್ಣನ ಮಗನ ಕೈಗೆ ಕೊಟ್ಟೆ. ಅವನು ಅಕ್ಷರಶಃ ಪಾಲಿಸಿದ.

ಮೂರು ವಾರದ ಮೇಲೆ ಅಜ್ಜಿಯ ಬಿಪಿ ನೋಡಲು ಹೋದರೆ ಬಾಗಿಲಿಗೆ ಹೊರಗಿನಿಂದ ಬೀಗ. ಕೀಲಿ ಕೆಳಗಿನ ಇಸ್ತ್ರಿ ಅಂಗಡಿಯಲ್ಲಿತ್ತು. ತೆಗೆದು ಒಳಗೆ ಹೋದೆ.

“ಬಾ ಸಿಸ್ಟರಮ್ಮ, ಜೈಲು ನೋಡೋಕೆ ಬಂದ್ಯಾ?” ಎಂದರು ಅಜ್ಜಿ.

ನನ್ನ ಬ್ಯಾಗಿನ ಜಿಪ್ಪು ಬೆಳಿಗ್ಗೆಯೇ ಸಿಕ್ಕಿಕೊಂಡಿತ್ತು. ಬಿಪಿ ಯಂತ್ರ ತೆಗೆಯಲು ನಾನು ಒದ್ದಾಡುವುದನ್ನು ನೋಡಲಾರದೆ ಅಜ್ಜಿ ಬ್ಯಾಗನ್ನು ಕಿತ್ತುಕೊಂಡರು. “ಇಕ್ಕಳ ಬಚ್ಚಿಟ್ಟಿದಾರೆ. ಚಮಚ ಬಿಟ್ಟಿದಾರಲ್ಲ, ಸಾಕು” ಎಂದು ಚಮಚದ ಹಿಡಿಯಲ್ಲೇ ಕೊಕ್ಕೆ ಒತ್ತಿ ಸರಿಮಾಡತೊಡಗಿದರು. ಕೈ ಆಡುತ್ತಿದ್ದಂತೆ ಬಾಯಿಯೂ ಆಡಿತು. ಅಂಗಡಿಯಲ್ಲಿ ಉಳಿದುಹೋದ ಸಾಮಾನುಗಳ ಚಿಂತೆ ಅವರಿಗೆ. ಬ್ಯಾಂಕಿನ ಕಾವಲುಗಾರನ ನೀಲಿ ಜಾಕೆಟ್ಟು, ಕೆಳಗಿನಿಂದ ನಾಲ್ಕನೇ ಹಲ್ಲು ಹೋಗಿದೆ. ಹಾಲಿನವನ ಹೆಂಡತಿಯ ಕಂದು ಪರ್ಸು. ಡ್ರೈವರ್‌ನ ಸೂಟ್‌ಕೇಸು, ಅವನು ಬುಧವಾರ ಊರಿಗೆ ಹೊರಡಬೇಕಿತ್ತು. ಹೀಗೆ ಒಂಬತ್ತು ಸಾಮಾನು, ಬಣ್ಣ ಸಮೇತ, ರೋಗ ಸಮೇತ, ವಾರಸುದಾರರ ಸಮೇತ. ಮೂರು ಪದ ನೆನಪಿಡಲಾರದವರು ಎಂದು ನಾನು ಬರೆದುಕೊಟ್ಟ ಹೆಂಗಸು.

ಮಾತ್ರೆಯ ಎರಡು ಲಕೋಟೆ ಕೊಟ್ಟು, ಒಂದು ಬೆಳಿಗ್ಗೆಗೆ, ಒಂದು ರಾತ್ರಿಗೆ ಎಂದೆ. “ರಾತ್ರಿದರ ಮೂಲೆ ಸ್ವಲ್ಪ ಹರಿದು ಕೊಡು” ಎಂದರು ಅಜ್ಜಿ.

“ಮೇಲೆ ದೊಡ್ಡದಾಗಿ ಬರೆದಿದೆಯಲ್ಲ ಅಜ್ಜಿ.”

“ಕನ್ನಡಕ...” ಎಂದರು. ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು. ಅದು ಅವರಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು.

ಅಜ್ಜಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಅವರೇ, “ಆರು ವರ್ಷ ದಿನಾ ಬೆಳಿಗ್ಗೆ ಪೇಪರ್ ಹಿಡ್ಕೊಂಡು ಕೂತಿದೀನಿ. ಫೋಟೋ ನೋಡೋದು, ಹಾಳೆ ತಿರುವೋದು. ಬಂದ ಮೊದಲನೇ ದಿನ ಆ ಹುಡುಗಿ ಕೈಗೆ ಪೇಪರ್ ಕೊಟ್ಟಳು. ಟೀಚರಮ್ಮ ಅವಳು, ಬರಲ್ಲ ಅನ್ನೋಕೆ ನಾಚಿಕೆ ಆಯ್ತು. ಅವತ್ತು ಹೇಳಲಿಲ್ಲ ನೋಡು, ಆಮೇಲೆ ಹೇಳೋಕೆ ಆಗಲೇ ಇಲ್ಲ,” ಎಂದರು. ನನ್ನ ಕೈ ಹಿಡಿದುಕೊಂಡರು. “ಯಾರಿಗೂ ಹೇಳ್ಬೇಡ. ತಲೆ ಕೆಟ್ಟಿದೆ ಅಂದ್ಕೊಂಡ್ರೂ ಪರವಾಗಿಲ್ಲ. ಆದ್ರೆ ತಿಂಗಳ ಕೊನೆಗೆ ಮೂಲೆ ಬಿಟ್ಟುಕೊಡ್ತೀನಿ ಅಂತ ಅಣ್ಣನ ಮಗ ಕಟ್ಟಡದೋರಿಗೆ ಹೇಳಿ ಬಂದಿದಾನೆ. ಅಷ್ಟರೊಳಗೆ ಏನಾದ್ರೂ ಮಾಡೋಕಾಗುತ್ತಾ ಮಗಳೇ?”

ಮಾಡುವುದಕ್ಕೆ ದಾರಿ ಇತ್ತು, ಸುಲಭದ ದಾರಿ. ಅಜ್ಜಿಯ ಗುಟ್ಟು ಮನೆಯವರಿಗೆ ಹೇಳಬೇಕಾಗಿಯೇ ಇರಲಿಲ್ಲ. ‘ಪರೀಕ್ಷೆ ಮಾಡಿದ್ದರಲ್ಲಿ ನನ್ನಿಂದ ತಪ್ಪಾಗಿದೆ, ಮತ್ತೊಮ್ಮೆ ಮಾಡಬೇಕು’ ಎಂದು ಮೇಲ್ವಿಚಾರಕಿಗೆ ಒಂದು ಪುಟ ಬರೆದು, ಬೇರೆ ಪರೀಕ್ಷೆ ಮಾಡಿ, ಹೊಸ ಅಂಕ ತೋರಿಸಿದ್ದರೆ ಮುಗಿಯುತ್ತಿತ್ತು. ಎರಡು ದಿನದ ಕೆಲಸ. “ಮಾಡ್ತೀನಿ ಅಜ್ಜಿ, ಒಂದೆರಡು ದಿನದಲ್ಲಿ” ಎಂದೆ. ಹೇಳುವಾಗ ಮನಸ್ಸಿನಲ್ಲಿ ಅದೇ ಇತ್ತು.

ಆ ತಿಂಗಳೇ ತರಬೇತಿ ಕೇಂದ್ರಕ್ಕೆ ನಮ್ಮಲ್ಲೊಬ್ಬರನ್ನು ಆರಿಸುವುದಿತ್ತು. ಮನೆಮನೆಗೆ ಹೋಗಿ ರೋಗಿಯನ್ನು ಹೇಗೆ ನೋಡಬೇಕು ಎಂದು ಹೊಸಬರಿಗೆ ಕಲಿಸುವ ಕೆಲಸ. ಮೆಟ್ಟಿಲು ಹತ್ತುವುದಿಲ್ಲ, ಬಿಸಿಲಿಲ್ಲ, ಕುರ್ಚಿ ಇದೆ, ಫ್ಯಾನಿದೆ. ನನ್ನ ಮಂಡಿಗಳು ಎರಡು ವರ್ಷದಿಂದ ಕೂಗಾಡುತ್ತಿದ್ದವು. ನನ್ನ ಹೆಸರು ಮೊದಲಿಗಿದೆ ಎಂದು ಮೇಲ್ವಿಚಾರಕಿ ಕಿವಿಯಲ್ಲಿ ಹೇಳಿದ್ದರು. ಈಗ ಹೋಗಿ ತಪ್ಪೊಪ್ಪಿಗೆ ಬರೆದುಕೊಡುವುದೆ? ಅದೂ ಹೊಸಬರಿಗೆ ನಾನೇ ಕಲಿಸುವ ಮೊದಲನೇ ಪಾಠದ ತಪ್ಪು?

ನಾಳೆ ಬರೆಯೋಣ ಎಂದುಕೊಂಡೆ. ಮರುದಿನವೂ ಅದನ್ನೇ ಅಂದುಕೊಂಡೆ. ದೊಡ್ಡಾಸ್ಪತ್ರೆಯ ತಜ್ಞರು ಹೇಗೂ ನೋಡುತ್ತಾರಲ್ಲ ಎಂದು ಸಮಾಧಾನ ಹೇಳಿಕೊಂಡೆ. ಅಜ್ಜಿಗೂ ವಯಸ್ಸಾಯಿತು, ವಿಶ್ರಾಂತಿ ಒಳ್ಳೆಯದೇ ಎಂದೂ ಒಂದು ದಿನ ಅಂದುಕೊಂಡೆ. ಇದನ್ನು ಹೇಳಲು ಈಗ ನಾಲಗೆ ಏಳುವುದಿಲ್ಲ. ಆ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟು ಹಿಂದಿನ ರಸ್ತೆಯಿಂದ ಸುತ್ತಿಕೊಂಡು ಓಡಾಡಿದೆ. ಹೀಗೆ ಹದಿನಾರು ದಿನ. ಹದಿನಾರನೆಯ ದಿನ, ತಿಂಗಳು ಮುಗಿದು ಎರಡು ದಿನಕ್ಕೆ, ಆಯ್ಕೆಯ ಪತ್ರ ಕೈಗೆ ಬಂತು. ಅವತ್ತು ಸಂಜೆಯೇ ಅಜ್ಜಿಯ ಮನೆಗೆ ಓಡಿದೆ, ಇನ್ನು ನನಗೇನೂ ಆಗುವುದಿಲ್ಲ ಎಂದು ಗೊತ್ತಾದ ಮೇಲೆ.

ದಾರಿಯಲ್ಲಿ ಮಳಿಗೆ ಕಟ್ಟಡ ಸಿಗುತ್ತದೆ. ಮೆಟ್ಟಿಲ ಕೆಳಗೆ ಮೊಬೈಲ್ ಕವರ್ ಮಾರುವವನೊಬ್ಬ ದೀಪದ ಸರ ಹಾಕಿಕೊಂಡು ಕೂತಿದ್ದ. ಇವತ್ತಿಗೂ ಅಲ್ಲೇ ಇದ್ದಾನೆ. ಅಜ್ಜಿಗೆ ಆ ಮೂಲೆ ಮತ್ತೆ ಸಿಗಲಿಲ್ಲ, ಬೇರೆ ಮೂಲೆಯೂ ಸಿಗಲಿಲ್ಲ.

ಮನೆಯಲ್ಲಿ ಮೂವರೂ ಇದ್ದರು. ನಿಂತುಕೊಂಡೇ ಹೇಳಿದೆ. ಪರೀಕ್ಷೆ ನಾನು ಸರಿಯಾಗಿ ಮಾಡಲಿಲ್ಲ, ಅವಸರ ಮಾಡಿದೆ, ಅಜ್ಜಿಯ ನೆನಪು ನಮ್ಮೆಲ್ಲರಿಗಿಂತ ಚೆನ್ನಾಗಿದೆ, ಹೊರಗೆ ಬಿಡಬಹುದು.

ಅಣ್ಣನ ಮಗ ಕುರ್ಚಿಯಿಂದ ಎದ್ದ. “ಯಾವಾಗ ಗೊತ್ತಾಯ್ತು ನಿಮಗೆ?”

ಎದುರಿಗೆ ಅಜ್ಜಿ ಕೂತಿದ್ದರು. ಸುಳ್ಳು ಹೇಳುವಂತಿರಲಿಲ್ಲ. “ಹದಿನಾರು ದಿನ ಆಯ್ತು,” ಎಂದೆ.

“ಹದಿನಾರು ದಿನ!” ಅವನ ದನಿ ಒಡೆಯಿತು. “ಅಂಗಡಿಯಿಂದ ತಂದಿದ್ದ ಅವರ ಹೊಲಿಗೆ ಮೆಷಿನ್ನ ಮೊನ್ನೆ ನಾನೇ ಕೈಯಾರೆ ಹೊತ್ತು ಮಾರಿ ಬಂದೆ ಸಿಸ್ಟರ್! ಅತ್ತೆ ಬಾಗಿಲಲ್ಲಿ ನಿಂತು ನೋಡ್ತಿದ್ರು. ಹಗಲೆಲ್ಲ ಬೀಗ ಹಾಕಿದೀವಿ ಅವರಿಗೆ. ಹದಿನಾರು ದಿನ ಏನ್ ಮಾಡ್ತಿದ್ರಿ ನೀವು?”

ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಬ್ಯಾಗನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡೆ. ಪತ್ರ ನನ್ನ ಬ್ಯಾಗಿನಲ್ಲೇ ಇತ್ತು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ಬದುಕೆಲ್ಲ ಒಂದು ವಿಷಯ ಮುಚ್ಚಿಟ್ಟುಕೊಂಡು ಬಂದವರು ಅವರು. ಇನ್ನೊಬ್ಬರು ಏನೋ ಮುಚ್ಚಿಡುತ್ತಿದ್ದಾರೆ ಎನ್ನುವುದು ಅವರಿಗೆ ತಿಳಿಯದೆ ಇರುತ್ತದೆಯೆ?

“ಅವಳನ್ನ ಬೈಬೇಡ ಮಗಾ,” ಎಂದರು. “ನನಗೆ ಓದೋಕೆ ಬರಲ್ಲ.”

ಇಬ್ಬರಿಗೂ ತಕ್ಷಣ ಅರ್ಥವಾಗಲಿಲ್ಲ.

“ಒಂದಕ್ಷರಾನೂ ಬರಲ್ಲ. ಅವಳು ಕಾಗದ ಕೊಟ್ಟಾಗ ನಾಚಿಕೆಯಾಗಿ ಮರ್ತೆ ಮರ್ತೆ ಅಂದೆ. ಆಮೇಲೆ ಅವಳಿಗೆ ಗೊತ್ತಾಯ್ತು, ಪಾಪ, ಅವತ್ತೇ ನಿಮಗೆ ಹೇಳ್ತೀನಿ ಅಂದ್ಲು. ನಾನೇ ಬೇಡ ಅಂತ ಬಾಯಿ ಕಟ್ಟಿಹಾಕಿದೆ. ಹದಿನಾರು ದಿನ ನನ್ನಿಂದಾನೇ ಒಳಗೇ ಇಟ್ಕೊಂಡು ಒದ್ದಾಡಿದಾಳೆ ಆ ಹುಡುಗಿ. ತಪ್ಪು ನಂದು.”

ಟೀಚರ್ ಎದ್ದು ಬಂದು ಅಜ್ಜಿಯ ಕಾಲ ಬಳಿ ಕೂತರು. “ನನಗೆ ಒಂದು ಮಾತು ಹೇಳಬಾರದಿತ್ತಾ ಅತ್ತೆ?”

“ನಿನಗೆ ಹೇಳೋಕೇ ತಾನೆ ನಾಚಿಕೆ ಆಗ್ತಿದ್ದಿದ್ದು,” ಎಂದರು ಅಜ್ಜಿ. ಅವರ ಕುತ್ತಿಗೆ, ಕಿವಿ ಎಲ್ಲ ಕೆಂಪಾಗಿದ್ದವು. ಎಪ್ಪತ್ತೊಂದು ವರ್ಷದವರು, ಪಾಠ ಬರದ ಮಗುವಿನ ಹಾಗೆ ಸೆರಗಿನ ತುದಿ ಹಿಂಡುತ್ತ ತಲೆ ತಗ್ಗಿಸಿದ್ದರು.

ಹಾಗಲ್ಲ ಎನ್ನಬೇಕಿತ್ತು ನಾನು. ಅಜ್ಜಿ ಹೇಳುತ್ತಿರುವುದು ಸುಳ್ಳು, ಅವರ ಗುಟ್ಟು ಮುಟ್ಟದೆಯೇ ನಾನಿದನ್ನು ಸರಿಮಾಡಬಹುದಿತ್ತು, ಒಂದು ಕುರ್ಚಿಗಾಗಿ ಮಾಡಲಿಲ್ಲ ಎನ್ನಬೇಕಿತ್ತು.

ಅಣ್ಣನ ಮಗ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ. ಕೈ ಮುಗಿದ. “ಗೊತ್ತಿಲ್ಲದೆ ಏನೇನೋ ಅಂದುಬಿಟ್ಟೆ. ಹೊಟ್ಟೆಗೆ ಹಾಕ್ಕೊಳ್ಳಿ ಸಿಸ್ಟರ್.”

“ಪರವಾಗಿಲ್ಲ ಬಿಡಿ,” ಎಂದೆ ನಾನು.