ಮಕ್ಕಳ ಕೈಚಳಕ

ಠಾಕುರ್ಲಿಯ ಚಾಳಿನಲ್ಲಿ ಜಯಕರ ಸೋನ್ಸರ ಈಸ್ಟರ್ ಎಂದರೆ ಹೆಂಡತಿ ದಮಯಂತಿಗೆ ವರ್ಷವರ್ಷದ ತಲೆನೋವು. ಸೀಮೆಎಣ್ಣೆ ಸ್ಟವ್ವಿನ ಮುಂದೆ ಬೆವರುತ್ತ ಹಬ್ಬಕ್ಕೆ ಬಣ್ಣ ಹಚ್ಚುವ ಡಜನ್ ಮೊಟ್ಟೆ ಬೇಯಿಸುವವಳು ಇವಳು; "ಬಣ್ಣ ಮಾತ್ರ ಮಕ್ಕಳೇ ಹಚ್ಚಬೇಕು ಮಾರಾಯ್ತಿ" ಎಂದು ಭಾಷಣ ಬಿಗಿಯುವವರು ಅವರು. ಮಕ್ಕಳು ಕುಂಚ ಮುಟ್ಟಿದರೆ ಸಾಕು, "ಹಾಳು ಮಾಡ್ಬೇಡಿ, ಕೊಡಿ ಇಲ್ಲಿ!" ಎಂದು ಕಿತ್ತುಕೊಳ್ಳುವರು. "ಪಪ್ಪಾ, ಹಮ್ಕೋ ಭೀ ದೋ ನಾ" ಎಂದು ತಮಗೂ ಕೊಡುವಂತೆ ಅವು ಗೋಗರೆದರೂ ಎಲ್ಲದಕ್ಕೂ ತಾವೇ ಹೂಬಳ್ಳಿ ಬರೆದು, ನೆರೆಯವರನ್ನು ಕರೆದು, "ನಮ್ಮ ಮಕ್ಕಳ ಕೈಚಳಕ!" ಎಂದು ಮೆರೆಯುವ ಈ ದೊಡ್ಡ ಮನುಷ್ಯರಿಗೆ ನಾಚಿಕೆಯೆಂಬುದೇ ಇರಲಿಲ್ಲ. ಸೆಖೆಗೆ ನಾರುವವರೆಗೂ ಒಂದನ್ನೂ ಒಡೆಯಗೊಡರು. ಈ ಸಲ ನಾರಿದ್ದನ್ನು ಎಸೆಯ ಹೊರಟ ದಮಯಂತಿ ರೇಗಿದಳು, "ನೀವೇನು ಚಿಕ್ಕ ಮಗುವಾ?" ಅವರು ತಲೆ ತಗ್ಗಿಸಿದರು. "ಮಿಶನ್ ಬೋರ್ಡಿಂಗಿನಲ್ಲಿ ಬಣ್ಣ ಹಚ್ಚುತ್ತಿದ್ದದ್ದು ಪಾದ್ರಿಗಳ ಮಕ್ಕಳು. ಅನಾಥರಾದ ನಮಗೆ ಗುಡಿಸಲಿಕ್ಕೆ ಸಿಪ್ಪೆ ಸಿಗುತ್ತಿತ್ತು."