ಅಕ್ಕನಿಗೆ ಹೇಳದ ಡಿಗ್ರಿ

ನಮ್ಮ ನಡುಮನೆಯ ಗೋಡೆಯ ಮೇಲಿರುವ ಅಕ್ಕನ ಫೋಟೊಗೆ ಹಾರವಿಲ್ಲ. ಮೊದಲು ಇತ್ತು. ಗಂಧದ ಚಕ್ಕೆಯ ಹಾರ, ಚಿತ್ರದುರ್ಗದ ಪೇಟೆಯಿಂದ ನಾನೇ ತಂದಿದ್ದು. ಅಕ್ಕ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ ಅಮ್ಮ ಸ್ಟೂಲು ಹತ್ತಿ ಅದನ್ನು ಕಿತ್ತು ನೆಲಕ್ಕೆಸೆದಳು.

"ಬದುಕಿರೋ ಹುಡ್ಗಿಗೆ ಯಾರೇ ಹಾರ ಹಾಕಿದ್ದು? ಬುದ್ಧಿ ಐತಾ ನಿಂಗೆ?"

ನಾನು ಬಚ್ಚಲ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ. ಅಮ್ಮ ತಮಾಷೆ ಮಾಡುತ್ತಿದ್ದಾಳೆ ಎಂದುಕೊಳ್ಳಲು ಒಂದು ಗಳಿಗೆ ಪ್ರಯತ್ನಿಸಿದೆ. ಅಮ್ಮ ತಮಾಷೆ ಮಾಡುವವಳಲ್ಲ.

ಮರೆವು ಅದಕ್ಕೂ ಮೊದಲೇ ಶುರುವಾಗಿತ್ತು. ಸಾರಿಗೆ ಎರಡು ಸಲ ಉಪ್ಪು ಬೀಳುವುದು, ಬೀಗದ ಕೈ ಅಕ್ಕಿ ಡಬ್ಬಿಯಲ್ಲಿ ಸಿಗುವುದು, ಇಂಥವು. ಸಾವನ್ನೇ ಮರೆಯಬಹುದೆಂದು ನನಗೆ ತಿಳಿದಿರಲಿಲ್ಲ. ಆ ದಿನ ಅವಳನ್ನು ಕೂರಿಸಿಕೊಂಡು, ಅಕ್ಕನಿಗೆ ಜ್ವರ ಬಂದದ್ದು, ದುರ್ಗದ ಆಸ್ಪತ್ರೆಗೆ ಸೇರಿಸಿದ್ದು, ಆಮೇಲೆ ಆದದ್ದು ಎಲ್ಲ ಹೇಳಿದೆ. ಅವಳು ಮೊದಲ ದಿನ ಅತ್ತಂತೆಯೇ ಅತ್ತಳು. ಮರುದಿನ ಮತ್ತೆ ಕೇಳಿದಳು. ಮತ್ತೆ ಹೇಳಿದೆ, ಮತ್ತೆ ಹಾಗೆಯೇ ಅತ್ತಳು. ಆಮೇಲೆ ಹೇಳುವುದನ್ನು ಬಿಟ್ಟೆ. ಅಂದಿನಿಂದ ನಮ್ಮ ಮನೆಯಲ್ಲಿ ಅಕ್ಕ ದಿನಾ ಬೆಳಿಗ್ಗೆ ಕಾಲೇಜಿಗೆ ಹೋಗುತ್ತಾಳೆ. ಸಂಜೆಯ ಬಸ್ಸಿಗೆ ಬರಬೇಕು.

ಅಪ್ಪ ನಾವು ಚಿಕ್ಕವರಿದ್ದಾಗಲೇ ಹೋದದ್ದು. ಅಮ್ಮ ನಮ್ಮೂರು ಹೊಳಲ್ಕೆರೆಯ ಹತ್ತಿರದ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರ್ ಆಗಿ ನಮ್ಮಿಬ್ಬರನ್ನು ಸಾಕಿದಳು. ಆ ಕೆಲಸದಲ್ಲಿ ಅವಳದೊಂದು ನಿಯಮವಿತ್ತು. ಕೊನೆಯ ಮಗುವನ್ನು ಮನೆಯವರು ಬಂದು ಕರೆದುಕೊಂಡು ಹೋಗುವ ತನಕ ಬಾಗಿಲು ಹಾಕುವಂತಿಲ್ಲ. ಯಾವುದೋ ತಾಯಿ ಕೂಲಿಯಿಂದ ಬರುವುದು ತಡವಾದರೆ ಆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಹೊಸಿಲಲ್ಲೇ ಕೂತಿರುತ್ತಿದ್ದಳು. ಮರೆವು ಅವಳಿಂದ ಬಹಳಷ್ಟನ್ನು ಕಿತ್ತುಕೊಂಡಿತು, ಆ ನಿಯಮವನ್ನು ಮುಟ್ಟಲಿಲ್ಲ. ಸಂಜೆ ನಾನು ಬಾಗಿಲು ಮುಂದೆ ಮಾಡಲು ಹೋದರೆ, "ಒಂದು ಮಗು ಉಳಿದೈತೆ, ಹಾಕ್‌ಬ್ಯಾಡ" ಎನ್ನುತ್ತಾಳೆ.

ಅಕ್ಕ ಮತ್ತು ನಾನು ದುರ್ಗದ ಒಂದೇ ಕಾಲೇಜಿಗೆ ಹೋಗುತ್ತಿದ್ದೆವು. ಅವಳು ಬಿ.ಕಾಂ. ಕೊನೆಯ ವರ್ಷ, ನಾನು ಬಿ.ಎ. ಎರಡನೆಯ ವರ್ಷ. ಬಸ್ಸು ನಿಲ್ಲುವ ಮೊದಲೇ ಅವಳು ಕಿಟಕಿಯೊಳಗೆ ಕರ್ಚೀಫು ಎಸೆದು ಇಬ್ಬರಿಗೂ ಸೀಟು ಹಿಡಿಯುತ್ತಿದ್ದಳು. ಅವಳ ಕೊನೆಯ ಪರೀಕ್ಷೆಗೆ ಮುಂಚೆಯೇ ಅದೆಲ್ಲ ಮುಗಿಯಿತು. ನಾನು ಆ ವರ್ಷದ ನನ್ನ ಪರೀಕ್ಷೆಗಳನ್ನು ಹೇಗೋ ಬರೆದೆ, ಮೂರನೆಯ ವರ್ಷಕ್ಕೆ ಹೋಗಲಿಲ್ಲ. ಮನೆಯಲ್ಲಿ ಅಮ್ಮನ ಜೊತೆ ಯಾರಾದರೂ ಇರಬೇಕು ಎಂದು ಎಲ್ಲರಿಗೂ ಹೇಳಿದೆ. ಅದೂ ನಿಜವೇ. ಆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಬೇರೆಯವರು ಕೂರುವುದನ್ನು ನೋಡಲಾಗದೆ ಬಿಟ್ಟೆ ಎಂಬುದನ್ನು ಯಾರಿಗೂ ಹೇಳಲಿಲ್ಲ. ಹೊಳಲ್ಕೆರೆಯಲ್ಲೇ ಒಂದು ಪೈಪು, ಪಂಪ್‌ಸೆಟ್ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸಕ್ಕೆ ಸೇರಿಕೊಂಡೆ.

ಹಾರ ಕಿತ್ತ ವರ್ಷವೇ ಇರಬೇಕು, ಒಂದು ಸಂಜೆ ಅಮ್ಮ ಬೆಳ್ಳುಳ್ಳಿ ಬಿಡಿಸುತ್ತ ಕೂತವಳು ಇದ್ದಕ್ಕಿದ್ದಂತೆ ಕೇಳಿದಳು:

"ಪರೀಕ್ಷೆ ಯಾವಾಗೇ?"

"ಅಕ್ಕಂದಾ?"

"ಅವ್ಳುದು ಗೊತ್ತು ನಂಗೆ. ನಿಂದು ಕಣೆ, ಚಿಕ್ಕೋಳೆ. ನೀನು ಮುಗಿಸ್ತೀಯೋ ಇಲ್ವೋ?"

ಚಿಕ್ಕೋಳು ಎಂದರೆ ನಾನು. ಅವಳು ಹಾಗೆ ಕರೆದು ಬಹಳ ದಿನವಾಗಿತ್ತು. ಆಗೀಗ ನನ್ನನ್ನೇ ಅಕ್ಕ ಎಂದುಕೊಳ್ಳುತ್ತಿದ್ದಳು. ಅಂಥ ದಿನಗಳು ಹೆಚ್ಚುತ್ತಿದ್ದವು. ಇದು ಹಿಂದಕ್ಕೆ ಬರುವ ಕಾಯಿಲೆಯಲ್ಲ, ಮುಂದಕ್ಕೆ ಎಷ್ಟು ಬೇಗ ಹೋಗುತ್ತದೆ ಎಂದು ಹೇಳಲಾಗದು ಎಂದಿದ್ದರು ದುರ್ಗದ ಡಾಕ್ಟರು. ಅಮ್ಮ ನನ್ನನ್ನು ನಾನೆಂದು ಗುರುತಿಸುವ ದಿನಗಳು ಇನ್ನೂ ಉಳಿದಿರುವಾಗ ಅವಳ ಮುಂದೆ ನಿಂತು "ಮುಗಿಸಿದೆ" ಎನ್ನಬೇಕು ಎಂದು ಆ ಸಂಜೆ ನನಗೆ ಅನ್ನಿಸಿತು. ನನಗೆ ಡಿಗ್ರಿ ಬೇಕಾಗಿದ್ದು ಅಷ್ಟಕ್ಕೆ.

ಹಾಗಾಗಿ ಬೇಗ ಮುಗಿಯುವುದನ್ನು ಹುಡುಕಿದೆ. ಅಂಗಡಿ ಬಿಟ್ಟು ರೆಗ್ಯುಲರ್ ಕಾಲೇಜಿಗೆ ಹೋಗುವಂತಿರಲಿಲ್ಲ. ಅಂಚೆ ಶಿಕ್ಷಣದಲ್ಲಿ ಮೊದಲಿನಿಂದ ಮೂರು ವರ್ಷ ಓದಬೇಕೆಂದರು. ಕೊನೆಗೆ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಬಿ.ಎ. ಸಿಕ್ಕಿತು. ನನ್ನ ಹಳೆಯ ಎರಡು ವರ್ಷವನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಉಳಿದ ವಿಷಯಗಳನ್ನು ಒಂದರ ಮೇಲೊಂದು ತೆಗೆದುಕೊಂಡು ಓದಿದರೆ ವರ್ಷ ತುಂಬುವುದರೊಳಗೆ ಮುಗಿಯುತ್ತಿತ್ತು. ಅದಕ್ಕೆ ಮಾನ್ಯತೆ ಇದೆಯೇ ಎಂದು ಸರ್ಕಾರದ ಪಟ್ಟಿಯಲ್ಲಿ ನೋಡಿದೆ, ನಂಬಿಕೆ ಬರಲಿಲ್ಲ, ಇನ್ನೊಮ್ಮೆ ನೋಡಿದೆ. ಅವರ ಕೌನ್ಸೆಲರ್ ಫೋನಿನಲ್ಲಿ, "ಫಾಸ್ಟ್ ಟ್ರ್ಯಾಕ್ ಸ್ವಲ್ಪ ಹೆವಿ ಆಗತ್ತೆ ಮೇಡಂ. ಯಾಕೆ ಅರ್ಜೆಂಟು, ಪ್ರೊಮೋಷನ್ನಾ?" ಎಂದ. ಹೌದು ಎಂದೆ.

ಅಂಗಡಿ ಮಾಲೀಕರೂ ಹಾಗೆಯೇ ತಿಳಿದರು. ಹೊಸದುರ್ಗದಲ್ಲಿ ಇನ್ನೊಂದು ಅಂಗಡಿ ತೆರೆಯುವ ಮಾತು ಆಗ ನಡೆಯುತ್ತಿತ್ತು.

"ಏನಮ್ಮ, ಮನೇಲಿ ಕುಂತ್ಕಂಡು ಡಿಗ್ರಿನಾ? ಫೋನಲ್ಲೇ ಊಟ ಬಡಿಸ್ದಂಗಾತು ನೋಡು. ಹೊಟ್ಟೆ ತುಂಬ್ತೈತಾ?" ಎಂದು ನಕ್ಕರು. ಆಮೇಲೆ, "ಹೊಸದುರ್ಗದ ಮೇಲೆ ಕಣ್ಣಿಟ್ಟಿದೀಯ ಅನ್ನು. ಓದು, ಓದು" ಎಂದರು. ನಾನು ಇಲ್ಲವೆನ್ನಲಿಲ್ಲ.

ಅಂಕಪಟ್ಟಿಗಳ ನಕಲಿಗಾಗಿ ಹಳೆಯ ಕಾಲೇಜಿಗೆ ಹೋಗಬೇಕಾಯಿತು. ಆಫೀಸಿನಲ್ಲಿ ಅದೇ ಗುಮಾಸ್ತರು. ನನ್ನ ಮುಖ ನೋಡಿ, "ನಿಮ್ಮಕ್ಕಂದೂ ಎರಡು ವರ್ಷದ್ದು ಇಲ್ಲೇ ಬಿದ್ದೈತಲ್ಲಮ್ಮ, ಯಾರೂ ಬಂದು ಒಯ್ದಿಲ್ಲ. ಕೊಡ್ಲಾ?" ಎಂದರು. ಇನ್ನೊಂದು ಸಲ ಬರುತ್ತೇನೆ ಎಂದು ಹೇಳಿ ಮೆಟ್ಟಿಲಿಳಿದೆ. ಬಸ್ಸಿನಲ್ಲಿ ಜನ ಕಡಿಮೆಯಿದ್ದರು. ನನ್ನ ಪಕ್ಕದ ಸೀಟು ಹೊಳಲ್ಕೆರೆಯ ತನಕ ಖಾಲಿಯೇ ಬಂತು.

ಬೆಳಗಿನ ಹೊತ್ತು, ಅಂಗಡಿಗೆ ಹೊರಡುವ ಮುಂಚೆ ಓದುತ್ತಿದ್ದೆ. ನಡುಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಅಲ್ಲಿ ಗೋಡೆಗೆ ಬೆನ್ನು ಮಾಡಿ ಕೂತರೆ ಕಿಟಕಿಯ ಬೆಳಕು ಮುಖಕ್ಕೆ ಬೀಳುತ್ತಿತ್ತು. ಅಕ್ಕನ ಫೋಟೊ ನನ್ನ ಹೆಗಲ ಮೇಲಿಂದ ಇಣುಕುತ್ತಿತ್ತು. ಅಮ್ಮ ಕಾಫಿ ಲೋಟ ಹಿಡಿದು ಬಂದು ಚಾಪೆಯ ಮೇಲೆ ಕೂರುತ್ತಿದ್ದಳು. ಒಂದು ದಿನ ಪಿಸುಗುಟ್ಟಿದಳು:

"ತಂಗಿ ಇನ್ನೂ ಎದ್ದಿಲ್ವೇನೇ?"

ಅವಳು ಯಾರ ಜೊತೆ ಮಾತಾಡುತ್ತಿದ್ದಾಳೆಂದು ನನಗೆ ತಿಳಿಯಿತು.

"ಇಲ್ಲ, ಮಲಗಿದಾಳೆ," ಎಂದೆ.

"ಮಲಗ್ಲಿ ಬಿಡು. ನಿನ್ನಷ್ಟು ಓದೋಳಲ್ಲ ಅದು."

ಸ್ವಲ್ಪ ಹೊತ್ತಾದ ಮೇಲೆ ನಾನು ಎದ್ದು ಹೋಗಿ ಒಳಕೋಣೆಯನ್ನು ನೋಡಿ ಬಂದೆ. ಯಾಕೆ ಹೋದೆನೆಂದು ಹೇಳಲಾರೆ. ನನ್ನ ಹಾಸಿಗೆ ನಾನೇ ಮಡಿಸಿಟ್ಟ ಹಾಗೆಯೇ ಇತ್ತು.

ಪರೀಕ್ಷೆಯೂ ಮನೆಯಲ್ಲೇ, ಲ್ಯಾಪ್‌ಟಾಪಿನ ಕ್ಯಾಮೆರಾದ ಮುಂದೆ. ಬರೆಯುವವರು ಒಬ್ಬರೇ ಇರಬೇಕು, ಇನ್ನೊಬ್ಬರ ದನಿ ಕೇಳಬಾರದು, ಮುಗಿಯುವವರೆಗೆ ಜಾಗ ಬಿಟ್ಟು ಏಳಬಾರದು. ಮೊದಲ ಪತ್ರಿಕೆಯ ಹಿಂದಿನ ದಿನ ಒಂದು ಅಣಕು ಪರೀಕ್ಷೆ ಇಟ್ಟಿದ್ದರು. ಕೂತು ಬಟನ್ ಒತ್ತಿದೆ. ಪರದೆ ನಿಂತುಹೋಯಿತು. ಇನ್ನೊಬ್ಬ ವ್ಯಕ್ತಿ ಕಾಣಿಸುತ್ತಿದ್ದಾರೆ, ಅವರನ್ನು ಕೋಣೆಯಿಂದ ಹೊರಗೆ ಕಳಿಸಿ ಮುಂದುವರಿಯಿರಿ ಎಂಬ ಸೂಚನೆ ಬಂತು. ಅಮ್ಮ ಪಕ್ಕದ ಮನೆಯಲ್ಲಿದ್ದಳು. ತಿರುಗಿ ನೋಡಿದೆ. ಹಾರವಿಲ್ಲದ, ಕುಂಕುಮವಿಲ್ಲದ ಅಕ್ಕ ನೇರವಾಗಿ ಕ್ಯಾಮೆರಾ ನೋಡುತ್ತಿದ್ದಳು.

ಫೋಟೊವನ್ನು ಇಳಿಸಿ ಟವೆಲಿನಲ್ಲಿ ಸುತ್ತಿ ಒಳಕೋಣೆಯಲ್ಲಿಟ್ಟೆ. ಗೋಡೆಯ ಮೇಲೆ ಬಣ್ಣ ಮಾಸದ ಚೌಕವೊಂದು ಉಳಿಯಿತು. ಮತ್ತೆ ಬಟನ್ ಒತ್ತಿದಾಗ ಪರದೆ ತೆರೆಯಿತು. ಅಮ್ಮ ಬರುವುದರೊಳಗೆ ಫೋಟೊವನ್ನು ಮೊದಲಿನ ಜಾಗಕ್ಕೇ ತೂಗುಹಾಕಿದೆ.

ಮರುದಿನ ಅಮ್ಮನನ್ನು ಪಕ್ಕದ ಮನೆಯ ದೊಡ್ಡಮ್ಮನ ಹತ್ತಿರ ಬಿಟ್ಟೆ. ಆಕೆ ನಮಗೆ ನೆಂಟರೇನಲ್ಲ, ಹುಟ್ಟಿದಾಗಿನಿಂದ ಹಾಗೆ ಕರೆದು ರೂಢಿ. ನಾನು ಅಂಗಡಿಗೆ ಹೋದಾಗಲೂ ಅಮ್ಮನನ್ನು ನೋಡಿಕೊಳ್ಳುವವರು ಅವರೇ. "ಬರ್ಕ ಹೋಗು, ನಿಮ್ಮಮ್ಮನ್ನ ನಾನೇನು ಮಾರ್ಕಳಲ್ಲ" ಎಂದು ನನ್ನನ್ನು ಕಳಿಸಿದರು. ಫೋಟೊವನ್ನು ಮತ್ತೆ ಟವೆಲಿನಲ್ಲಿ ಸುತ್ತಿ ಒಳಗಿಟ್ಟು ಕೂತೆ. ಅರ್ಧ ಪರೀಕ್ಷೆ ಸರಿಯಾಗಿಯೇ ನಡೆಯಿತು. ದೊಡ್ಡಮ್ಮ ಹಸುವಿಗೆ ನೀರಿಡಲು ಹಿತ್ತಲಿಗೆ ಹೋದಾಗ ಅಮ್ಮ ಎದ್ದು ಬಂದಿರಬೇಕು. ನಮ್ಮ ಬಾಗಿಲು ಸದ್ದಾಯಿತು. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅವಳು ಕ್ಯಾಮೆರಾಕ್ಕೆ ಕಾಣದಷ್ಟು ದೂರದಲ್ಲಿ, ಹೊಸಿಲ ಹತ್ತಿರವೇ ನಿಂತಳು. ಓರೆಗಣ್ಣಿಗೆ ಅವಳ ಸೀರೆಯ ಅಂಚು ಕಾಣಿಸಿತು. ನನ್ನ ಹಿಂದಿನ ಗೋಡೆಯನ್ನು ನೋಡುತ್ತಿದ್ದಳು. ಮೂಲೆಯಿಂದ ಕೊಡೆ ತೆಗೆದುಕೊಂಡಳು. ಚಪ್ಪಲಿಯ ಸದ್ದು ಅಂಗಳ ದಾಟಿ ರಸ್ತೆಯ ಕಡೆ ಹೋಯಿತು.

ರಸ್ತೆಯೆಂದರೆ ಲಾರಿಗಳು ಓಡಾಡುವ ರಸ್ತೆ. ಎದ್ದರೆ ಆ ಪತ್ರಿಕೆ ಹೋಯಿತು, ಮತ್ತೆ ಬರೆಯಲು ತಿಂಗಳುಗಳು ಕಾಯಬೇಕು. ಆ ತಿಂಗಳುಗಳಲ್ಲಿ ಅಮ್ಮನೊಳಗಿನ ಚಿಕ್ಕೋಳು ಎಷ್ಟು ಉಳಿದಿರುತ್ತಾಳೋ ಗೊತ್ತಿರಲಿಲ್ಲ. ಓದುತ್ತಿದ್ದ ಪ್ರಶ್ನೆಯನ್ನು ಕೊನೆಯವರೆಗೆ ಓದಿದೆ. ಆಮೇಲೆ ಎದ್ದೆ.

ಅಮ್ಮ ಬಸ್‌ಸ್ಟ್ಯಾಂಡಿನಲ್ಲಿದ್ದಳು. ಬಿಸಿಲಿಗೆ ಕೊಡೆ ಬಿಚ್ಚಿರಲಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಒಬ್ಬ ಕಂಡಕ್ಟರನ್ನು ತಡೆದು ನಿಲ್ಲಿಸಿದ್ದಳು.

"ಯಾವ ಹುಡ್ಗಿ ಅಮ್ಮಾ? ದಿನಾ ನೂರಾರು ಹುಡ್ಗೀರು ಹತ್ತುತಾರೆ."

"ಉದ್ದ ಜಡೆ. ಕಿಟಕಿ ಪಕ್ಕ ಕುಂತ್ಕಂತಾಳೆ. ಮನೇಲಿಲ್ಲ ಅವ್ಳು, ಈಗ ನೋಡ್ಕಂಡು ಬಂದೆ."

"ಮುಂದಿನ ಬಸ್ಸಿಗೆ ಬರ್ತಾಳೆ ಬಿಡ್ರಿ. ಇಲ್ಲೇ ಕುಂತ್ಕಳ್ರಿ, ಬಿಸಿಲಿಗೆ ನಿಲ್‌ಬ್ಯಾಡ್ರಿ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅಷ್ಟು ಕೇಳಿ ಅಲ್ಲೇ ಕೂತ ಅಮ್ಮ ಆಮೇಲೆ ಏಳಲು ಒಪ್ಪಲಿಲ್ಲ. "ಮನೆಗೆ ಹೋಗಾಣ ಬಾರಮ್ಮ" ಎಂದೆ. "ಒಂದು ಮಗು ಉಳಿದೈತೆ" ಎಂದಳು. ಅವಳ ಪಕ್ಕದಲ್ಲಿ ಕೂತೆ. ದುರ್ಗದ ಬಸ್ಸು ಬಂತು. ಜನ ಇಳಿಯತೊಡಗಿದರು. ಇಳಿಯುವ ಒಬ್ಬೊಬ್ಬ ಹೆಣ್ಣಿನ ಮುಖವನ್ನೂ ಅಮ್ಮ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಎಲ್ಲರೂ ಇಳಿದಾದ ಮೇಲೂ ಕೆಲವು ಗಳಿಗೆ ಆ ಬಾಗಿಲನ್ನೇ ನೋಡುತ್ತಿದ್ದೆ.

ಅಕ್ಕ ಆಗಲೇ ಮನೆ ಸೇರಿರಬೇಕು ಎಂದು ಹೇಳಿ ಅಮ್ಮನನ್ನು ಎಬ್ಬಿಸಿಕೊಂಡು ಬಂದೆ. ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ರದ್ದಾಗಿತ್ತು. ಫೋಟೊವನ್ನು ಮೊಳೆಗೆ ತೂಗುಹಾಕಿದೆ. "ಬಂದ್ಯಾ?" ಎಂದಳು ಅಮ್ಮ, ಗೋಡೆಗೆ.

ನಡೆದದ್ದನ್ನು ಕೇಳಿ ದೊಡ್ಡಮ್ಮ ತಮ್ಮ ಹಸುವಿಗೆ ಬೈದರು, ತಮಗೇ ಬೈದುಕೊಂಡರು, ಕೊನೆಗೆ ನನಗೂ ಬೈದರು.

"ಅಲ್ಲ ಕಣೆ, ಗೋಡೆಯಿಂದ ಇಳಿಸಿದ್ಮ್ಯಾಲೆ ಎಲ್ಲಾದ್ರೂ ಕುಂಡ್ರಿಸ್‌ಬೇಕಲ್ಲ ಅದನ್ನ? ಟವಲ್ ಸುತ್ತಿ ಕತ್ತಲಲ್ಲಿ ಇಡ್ತಾರಾ? ನಿಮ್ಮಮ್ಮನ ಕೈಗೆ ಕೊಡು."

ಉಳಿದ ಪತ್ರಿಕೆಗಳಿಗೂ ಹಾಗೆಯೇ ಮಾಡಿದೆ, ಆ ಪತ್ರಿಕೆಯ ಸರದಿ ಮತ್ತೆ ಬಂದಾಗಲೂ. ಅಷ್ಟು ಹೊತ್ತಿಗೆ ಅಮ್ಮ ವಾರಕ್ಕೊಮ್ಮೆಯೋ ಇನ್ನೂ ಕಡಿಮೆಯೋ ನನ್ನನ್ನು ಚಿಕ್ಕೋಳೆ ಎನ್ನುತ್ತಿದ್ದಳು. ದೊಡ್ಡಮ್ಮನ ಜಗಲಿಯ ಮೇಲೆ ಅವಳು ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿಲು ತಾಗದಂತೆ ಸೆರಗು ಮುಚ್ಚಿ ಕೂತಳು. ತಾಯಿ ಬರುವುದು ತಡವಾದ ಮಗುವನ್ನು ಇಟ್ಟುಕೊಂಡು ಕೂರುತ್ತಿದ್ದ ಹಾಗೆ. ನಾನು ಪತ್ರಿಕೆ ಮುಗಿಸಿ ಬಂದಾಗಲೂ ಹಾಗೆಯೇ ಇದ್ದಳು.

ಫಲಿತಾಂಶ ಅಂಗಡಿಯಲ್ಲಿದ್ದಾಗ ಫೋನಿಗೆ ಬಂತು. ಮಾಲೀಕರು ಎಲ್ಲರಿಗೂ ಖಾರ ಮಂಡಕ್ಕಿ, ಮಿರ್ಚಿ ತರಿಸಿದರು. ಮನೆಗೆ ಹೋದಾಗ ಅಮ್ಮ ನನ್ನನ್ನು ನೋಡಿ, "ಬಸ್ಸು ಲೇಟಾತಾ?" ಎಂದಳು. ಅಂದು ನಾನು ಅಕ್ಕನಾಗಿದ್ದೆ. ಪಾಸಾದದ್ದನ್ನು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಕಾದೆ. ಸರ್ಟಿಫಿಕೇಟೇ ಅಂಚೆಯಲ್ಲಿ ಬಂತು, ಇನ್ನೂ ಕಾಯುತ್ತಿದ್ದೆ.

ಒಂದು ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ. ಬೆನ್ನ ಹಿಂದಿನಿಂದ ದನಿ ಬಂತು.

"ಚಿಕ್ಕೋಳೆ, ಮೂಲೆ ಬಿಟ್ಟೆ ನೋಡು. ಯಾವತ್ತೂ ಮೂಲೆ ಗುಡ್ಸಲ್ಲ ನೀನು."

ಪೊರಕೆ ಅಲ್ಲೇ ಬಿಟ್ಟು ಒಳಗೆ ಓಡಿದೆ. ಸರ್ಟಿಫಿಕೇಟು ತಂದು ಅವಳ ಕೈಗಿಟ್ಟೆ.

"ನಂದಮ್ಮ. ಡಿಗ್ರಿ ಮುಗಿಸಿದೆ."

"ನೀನಾ?"

"ನಾನೇ."

ಅವಳು ಅದರ ಮೇಲೆ ಅಂಗೈಯಾಡಿಸಿದಳು. ಒಂದು ಕಾಲದಲ್ಲಿ ಮಕ್ಕಳ ಹಣೆ ಮುಟ್ಟಿ ಜ್ವರ ನೋಡುತ್ತಿದ್ದ ಕೈ. ನನ್ನ ಮುಖವನ್ನು ನೋಡಿದಳು. ಅವಳಿಗೆ ನಾನು ಯಾರೆಂದು ತಿಳಿದಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. "ಮುಗಿಸ್ಬಿಟ್ಟೆ ಅನ್ನು" ಎಂದು ನಕ್ಕಳು. ಅವಳು ಹಾಗೆ ನಗುತ್ತಿದ್ದುದನ್ನು ನಾನು ಮರೆತೇಬಿಟ್ಟಿದ್ದೆ.

ಆಮೇಲೆ ನಡುಮನೆಯ ಕಡೆ ಒಮ್ಮೆ ತಿರುಗಿ ನೋಡಿ, ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದಳು.

"ಅಕ್ಕಂದು ಇನ್ನೂ ಆಗಿಲ್ಲ. ನೀನು ಮೊದ್ಲು ಮುಗಿಸಿದೆ. ಅವ್ಳಿಗೆ ಹೇಳ್‌ಬ್ಯಾಡ ಕಣೆ, ನೊಂದ್ಕಂತಾಳೆ."

"ಹೇಳಲ್ಲ," ಎಂದೆ.

ಅಂಗಡಿಯಲ್ಲಿ ಸರ್ಟಿಫಿಕೇಟಿಗೆ ಗಾಜಿನ ಕಟ್ಟು ಹಾಕಿಸು ಎಂದು ಹೇಳುತ್ತಲೇ ಇದ್ದಾರೆ. ಆ ಬೆಳಿಗ್ಗೆ ನಾನು ಅದನ್ನು ನಡುಮನೆಯ ಮೂಲಕ ಒಯ್ಯಲಿಲ್ಲ. ಹಿತ್ತಲ ಬಾಗಿಲಿನಿಂದ ಒಳಕೋಣೆಗೆ ಹೋಗಿ, ಬೀರುವಿನಲ್ಲಿ ಸೀರೆಗಳ ಕೆಳಗೆ ಬೋರಲಾಗಿ ಇಟ್ಟೆ.

ಸಂಜೆ ಅಮ್ಮ ಬಾಗಿಲು ಹಾಕಲು ಬಿಡಲಿಲ್ಲ. ನಾನೂ ಒತ್ತಾಯಿಸಲಿಲ್ಲ. ತಿರುವಿನಲ್ಲಿ ದುರ್ಗದ ಬಸ್ಸಿನ ಹಾರನ್ ಕೇಳಿಸಿತು. ಅಮ್ಮ ಎದ್ದು ಹೊಸಿಲಿಗೆ ಹೋದಳು. ನಾನು ಎದ್ದು ಒಳಕೋಣೆಗೆ ಹೋದೆ, ಬೀರುವಿಗೆ ಬೀಗ ಹಾಕಿದ್ದೇನೆಯೇ ಎಂದು ನೋಡಲು.