ಕೆಂಪು ಪಟ್ಟಿಯ ಕೇಬಲ್ಲು

ಕೊಪ್ಪಳದ ಮೀಟರ್ ರೀಡಿಂಗ್ ಗುತ್ತಿಗೆದಾರರ ಆಫೀಸಿನಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಹಳ್ಳಿ ತಿರುಗಿ ಕರೆಂಟ್ ಬಿಲ್ ಕೊಡುವವರು ಸಂಜೆ ಬಂದು ತಮ್ಮ ಕೈಮಷಿನ್ನನ್ನು ಯುಎಸ್‌ಬಿ ಕೇಬಲ್ಲಿನಿಂದ ನನ್ನ ಕಂಪ್ಯೂಟರಿಗೆ ಜೋಡಿಸಬೇಕು. ದಿನದ ರೀಡಿಂಗ್ ಎಲ್ಲ ಇಳಿದ ಮೇಲೆ ಮಷಿನ್ ಅಳಿಸಿ ಖಾಲಿ ಮಾಡಬೇಕು. ಗೋಡೆಗೆ ಎರಡು ಮೊಳೆ, ಎರಡು ಕರಿ ಕೇಬಲ್ಲು. ಎಡಗಡೆಯದರಲ್ಲಿ ಡಾಟಾ ಹೋಗುತ್ತದೆ, ಬಲಗಡೆಯದು ಬರೀ ಚಾರ್ಜಿಂಗಿನದು. ನೋಡಲು ಎರಡೂ ಒಂದೇ.

ಕಿನ್ನಾಳದ ಕಾಕಾ ಒಬ್ಬರಿದ್ದರು. ಐವತ್ತು ದಾಟಿತ್ತು. ಮೊದಲು ಕಟ್ಟಿಗೆ ಗೊಂಬೆಗಳಿಗೆ ಬಣ್ಣ ಬರೆಯುತ್ತಿದ್ದವರು, ಕೈ ನಡುಗತೊಡಗಿದ ಮೇಲೆ ಈ ಕೆಲಸಕ್ಕೆ ಬಂದಿದ್ದರು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಕೇಬಲ್ ಚುಚ್ಚಿದ ಗಳಿಗೆಯಿಂದ "ಹೋತೇನ್ರಿ ಸರ? ಹೋತೇನ್ರಿ?" ಎಂದು ನನ್ನ ತಲೆ ತಿನ್ನುತ್ತಿದ್ದರು. ನನಗೆ ಬರುತ್ತಿದ್ದುದು ಬರೀ ಸಿಟ್ಟಲ್ಲ, ಹೇಸಿಕೆ. ಅವರು ನನ್ನನ್ನು ಅಷ್ಟು ನಂಬುವುದೇ ನನಗೆ ಆಗುತ್ತಿರಲಿಲ್ಲ.

ಒಂದು ಸಂಜೆ ಅವರು ಬರುವ ಮೊದಲು ಕೇಬಲ್ಲುಗಳನ್ನು ಅದಲುಬದಲು ಮಾಡಿ ನೇತುಹಾಕಿದೆ. ಮುದುಕ ಒಂದು ತಾಸು ಕೂತು ಬೆವರಲಿ, ನೋಡಿ ನಗೋಣ ಅಂತ. ಅವರು ಎಂದಿನಂತೆ ಎಡಗಡೆಯದನ್ನೇ ತೆಗೆದು ಚುಚ್ಚಿದರು. ನಾನು ಹೊರಗೆ ಹೋಗಿ ಮಿರ್ಚಿ ತಿಂದು, ಹರಟೆ ಹೊಡೆದು ಬಂದೆ. ಕಾಕಾ ನಗುತ್ತಾ ನಿಂತಿದ್ದರು.

"ಇವತ್ತ ನಿಮಗ ತ್ರಾಸ ಕೊಡ್ಲಿಲ್ಲ ನೋಡ್ರಿ. ಮಷಿನ್ನಾಗ ನೂರು ಅಂತ ಬಂತು. ಎಲ್ಲಾ ಹೋತು ಅಂತ ಅಳಿಸಿಬಿಟ್ಟೆ."

ಅದು ಡಾಟಾ ಹೋದ ನೂರಲ್ಲ, ಬ್ಯಾಟರಿ ತುಂಬಿದ ನೂರು. ಒಂದು ಇಡೀ ಊರಿನ ರೀಡಿಂಗ್ ಹೋಗಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಆ ಬೆಕ್ಕು ನಾನೇ.

ಮರುದಿನ ಗುತ್ತಿಗೆದಾರರು ಎಲ್ಲರೆದುರು ಅವರ ಮಷಿನ್ ಕಸಿದುಕೊಂಡರು. "ಗೊಂಬಿಗೆ ಮೀಸಿ ಬರಿಯಾಂವಗ ಮಷಿನ್ ಯಾಕ ಬೇಕಲೇ?" ಎಂದು ಬೈದು, ಹೇಗಾಯಿತೆಂದು ನನ್ನನ್ನು ಕೇಳಿದರು.

"ಎರಡೂ ಒಂದ ಥರ ಅದಾವ್ರಿ. ತಪ್ಪಿ ಬ್ಯಾರೇದು ತಗೊಂಡಿರಬೇಕು," ಎಂದೆ.

ಕಾಕಾ ಕೈ ಮುಗಿದರು. "ಹೌದ್ರಿ, ನಂದ ತಪ್ಪು. ಸರದ್ದೇನೂ ಇಲ್ರಿ."

ಕೆಲಸ ಹೋಯಿತು. ಎರಡು ದಿನ ಬಿಟ್ಟು ಐಡಿ ಕಾರ್ಡ್ ಮರಳಿಸಲು ಬಂದವರು ಕಿಸೆಯಿಂದ ಸಣ್ಣ ಬಣ್ಣದ ಡಬ್ಬಿ ತೆಗೆದರು.

"ಛಲೋ ಕೇಬಲ್ ಯಾವುದ್ರಿ ಸರ? ಗುರುತ ಹಾಕ್ತೀನಿ. ಮುಂದ ಬರಾವ್ರಿಗೆ ನನ್ನಂಗ ಆಗಬಾರ್ದು."

ತೋರಿಸಿದೆ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೇಬಲ್ಲಿನ ತುದಿಗೆ ಕೆಂಪು ಪಟ್ಟಿ ಬರೆದರು. ಸ್ವಲ್ಪ ಡೊಂಕಾಯಿತು. ಆರುವವರೆಗೆ ಊದುತ್ತಾ ನಿಂತಿದ್ದರು. ನಿಜ ಹೇಳಲು ನನಗೆ ಅಷ್ಟು ಹೊತ್ತು ಇತ್ತು. ಹೇಳಲಿಲ್ಲ.

ಅವರ ಜಾಗಕ್ಕೆ ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯ ಹೆಣ್ಣುಮಗಳೊಬ್ಬಳು ಬಂದಳು. ಮೊದಲ ದಿನವೇ ಆ ಪಟ್ಟಿಯ ಅರ್ಥ ಕೇಳಿ ತಿಳಿದುಕೊಂಡು, "ಗುರುತ ಹಾಕಿದವ್ರು ಭಾಳ ಛಲೋ ಮನಷ್ಯಾರ್ರಿ. ನೀವ ಹಾಕೀರೇನ್ರಿ?" ಎಂದಳು.

ಹೌದು ಎಂದೆ.